ಲೋಸಲೀನೆ ಅತ್ತೆಗೆ ವಾಸನೆ ಹೋದದ್ದು

ಮೊದಲಿಗೆ ಕ್ಷಮಿಸಿ. ನನ್ನ ಕೈಬರಹ ಚೆನ್ನಾಗಿಲ್ಲ. ಸಾಲುಗಳು ಬಲಕ್ಕೆ ಹೋಗುತ್ತಾ ಕೆಳಗೆ ಜಾರುತ್ತವೆ. ಮಾತೂ ನನಗೆ ಸರಿಯಾಗಿ ಬರುವುದಿಲ್ಲ. ಹೆಂಗಸರ ಕೂಟದಲ್ಲಿ ಓದುವುದಕ್ಕೆ ನಮ್ಮೂರಿನ ಯಾರಾದರೊಬ್ಬರ ಬಗ್ಗೆ ಬರೆದುಕೊಡು ಎಂದು ಪಾದ್ರಿಗಳ ಹೆಂಡತಿ ಹೇಳಿದಾಗ, ಶಾಲೆಯನ್ನು ಅರ್ಧಕ್ಕೆ ಬಿಟ್ಟವಳಿಗೆ ಇದನ್ನು ಯಾಕೆ ಹೇಳುತ್ತಿದ್ದಾರೆ ಎಂದು ಭಯವಾಯಿತು. ಲೋಸಲೀನೆ ಅತ್ತೆ ಮಾತ್ರ, "ಬರಿಯೇ. ನನ್ನ ಬಗ್ಗೇನೇ ಬರಿ. ಬೇರೆಯವರದ್ದಾದ್ರೆ ಸುಳ್ಳು ಸೇರಿಸಿಬಿಡ್ತೀಯ," ಎಂದರು. ಅತ್ತೆ ಹೇಳಿದ ಮೇಲೆ ಮುಗಿಯಿತು. ಓದುವಾಗ ಎಲ್ಲಾದರೂ ಅರ್ಥವಾಗದಿದ್ದರೆ ದಯವಿಟ್ಟು ನನ್ನನ್ನು ಹೊರಗೆ ಕರೆದು ಕೇಳಿ. ಎಲ್ಲರ ಮುಂದೆ ಕೇಳಬೇಡಿ.

ಲೋಸಲೀನೆ ಅತ್ತೆ ನನ್ನ ಅಪ್ಪನ ಅಕ್ಕ. ನಮ್ಮ ತೊಂಗಾದಲ್ಲಿ ಅಪ್ಪನ ಅಕ್ಕನಿಗಿಂತ ದೊಡ್ಡವರು ಮನೆಯಲ್ಲಿ ಯಾರೂ ಇಲ್ಲ. ಹಂದಿ ಕೊಯ್ದರೆ ಒಳ್ಳೆಯ ಭಾಗ ಅವರದು. ಚಾಪೆ ನೇಯ್ದರೆ ಅವರು ಬೇಕಾದ್ದನ್ನು ಆರಿಸಿಕೊಂಡ ಮೇಲೆ ಉಳಿದವರಿಗೆ. ಅವರು ಹೇಳಿದ್ದಕ್ಕೆ ಯಾರೂ ಅಲ್ಲ ಎನ್ನುವಂತಿಲ್ಲ. ಇನ್ನು ಅಪ್ಪ ಮತ್ತು ಅತ್ತೆ ಒಡಹುಟ್ಟಿದವರಾದ್ದರಿಂದ ಒಂದೇ ಕೋಣೆಯಲ್ಲಿ ಕೂರುವಂತಿಲ್ಲ, ಮುಖ ನೋಡಿ ಹರಟುವಂತಿಲ್ಲ. ಅಷ್ಟು ಮರ್ಯಾದೆ. ಹಾಗಾಗಿ ಅಪ್ಪ ಯಾವಾಗಲೂ ಜಗಲಿಯಲ್ಲಿ, ಅತ್ತೆ ಒಳಗೆ, ನಡುವೆ ಬಾಗಿಲಲ್ಲಿ ನಾನು.

"ಫುಸಿ, ನಿಮ್ಮಪ್ಪನಿಗೆ ಹೇಳು, ಬೇಲಿ ಬಿದ್ದುಹೋಗಿ ಹಂದಿಗಳು ನನ್ನ ಹೂಗಿಡ ತಿಂತಾ ಇವೆ ಅಂತ."

"ನಿಮ್ಮತ್ತೆಗೆ ಹೇಳು, ಕೇಳಿಸ್ತು ಅಂತ."

"ಕೇಳಿಸಿದ್ರೆ ಬೇಲಿ ನಿಲ್ಲಲ್ಲ, ಕಟ್ಟಬೇಕು ಅಂತ ಹೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ನನಗೆ ಅದೇ ಅನುಕೂಲವಾಗಿತ್ತು.

ಅತ್ತೆಗೆ ಮದುವೆಯಾಗಿಲ್ಲ. ಅವರ ಕೆಲಸ ಎಣ್ಣೆ ಮಾಡುವುದು. ತೆಂಗಿನಕಾಯಿ ತುರಿದು, ಹಾಲು ಹಿಂಡಿ, ಕಾಯಿಸಿ, ಎಣ್ಣೆ ಬಿಟ್ಟ ಮೇಲೆ ಅದಕ್ಕೆ ಕೇದಿಗೆ, ಶ್ರೀಗಂಧದ ಚಕ್ಕೆ, ಬಿಳಿ ಸಿಯಾಲೆ ಹೂ ಹಾಕಿ ಬಿಸಿಲಿಗಿಡುತ್ತಾರೆ. ಕುಣಿಯುವ ಹುಡುಗಿಯ ತೋಳಿಗೆ ಹಚ್ಚುವುದು ಆ ಎಣ್ಣೆಯನ್ನೇ, ಹುಟ್ಟಿದ ಮಗುವಿಗೆ ಹಚ್ಚುವುದೂ ಅದನ್ನೇ, ಸತ್ತವರ ಮೈಗೆ ಸವರುವುದೂ ಅದನ್ನೇ. ನಮ್ಮ ದ್ವೀಪದಲ್ಲಿ ಅತ್ತೆಯ ಎಣ್ಣೆ ಇಲ್ಲದೆ ಯಾರೂ ಕುಣಿದಿಲ್ಲ, ಯಾರನ್ನೂ ಮಣ್ಣು ಮಾಡಿಲ್ಲ.

ಎಣ್ಣೆಯನ್ನು ಯಾವಾಗ ಸೋಸಬೇಕು ಎಂಬುದಕ್ಕೆ ಅತ್ತೆಯ ಹತ್ತಿರ ಲೆಕ್ಕವಿರಲಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದು ಮೂಗು ಹತ್ತಿರ ತರುತ್ತಿದ್ದರು. "ಇನ್ನೂ ಹಸಿ," ಎನ್ನುತ್ತಿದ್ದರು, ಇಲ್ಲವೆ "ಹೂ ಸೋತಿತು, ಸೋಸು," ಎನ್ನುತ್ತಿದ್ದರು. ಸೋತಿತು ಎಂದರೆ ಹೂವಿನ ವಾಸನೆಯೆಲ್ಲ ಎಣ್ಣೆಗೆ ಇಳಿಯಿತು ಎಂದು. ಆಮೇಲೆ ಒಂದು ದಿನ ತಡವಾದರೆ ಹೂ ಕೊಳೆತು ಎಣ್ಣೆ ಕಮಟಾಗುತ್ತದೆ. ನಾನು ಶಾಲೆ ಬಿಟ್ಟಾಗ ಅತ್ತೆ ನನ್ನನ್ನು ತಮ್ಮ ಮನೆಗೆ ಎಣ್ಣೆಯ ಕೆಲಸಕ್ಕೆ ಕರೆಸಿಕೊಂಡರು. ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ನಮ್ಮ ರೂಢಿಯಂತೆ ನನ್ನ ಕೆನ್ನೆಗೆ ಮೂಗು ಒತ್ತಿ ಒಮ್ಮೆ ಉಸಿರೆಳೆದು, "ಮರಗೆಣಸು ತಿಂದಿದೀಯ. ಮೀನಿನ ಸಾರೂ ಇತ್ತು. ನನಗೆ ಯಾಕೆ ಇಡಲಿಲ್ಲ?" ಎನ್ನುತ್ತಿದ್ದರು.

ಅದು ಯಾವಾಗ ನಿಂತಿತೋ ನನಗೆ ಸರಿಯಾಗಿ ಗೊತ್ತಿಲ್ಲ. ಮೂಗು ಒತ್ತುತ್ತಿದ್ದರು, ಏನು ತಿಂದೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ಆಮೇಲೆ ಬೆಳಗಿನ ಹೊತ್ತು ತಲೆನೋವು ಶುರುವಾಯಿತು. ಎದ್ದ ಕೂಡಲೇ ಹಣೆ ಹಿಡಿದುಕೊಂಡು ಕೂರುತ್ತಿದ್ದರು, ಕೆಲವು ಸಲ ವಾಂತಿಯಾಗುತ್ತಿತ್ತು, ಬಿಸಿಲೇರುತ್ತಾ ಕಡಿಮೆಯಾಗುತ್ತಿತ್ತು. ಹೂ ಪೋಣಿಸುವ ಸೂಜಿಯ ಕಣ್ಣು ಕಾಣುತ್ತಿಲ್ಲ ಎಂದರು, ಅದರಲ್ಲೂ ಎಡಗಣ್ಣಿಗೆ. ಅದನ್ನೆಲ್ಲ ವಯಸ್ಸಾಯಿತು ಎಂದುಕೊಳ್ಳಬಹುದಿತ್ತು. ಆದರೆ ಅತ್ತೆಯ ಸ್ವಭಾವವೇ ಬದಲಾಗತೊಡಗಿತು. ಕೈ ಸುಮ್ಮನಿಡದವರು ಗೋಡೆ ನೋಡುತ್ತಾ ಮಧ್ಯಾಹ್ನದವರೆಗೂ ಕೂರತೊಡಗಿದರು. ಸ್ನಾನ ಮಾಡಿ ಎಂದು ನೆನಪಿಸಬೇಕಾಗುತ್ತಿತ್ತು. ಪ್ರಾರ್ಥನೆಯ ನಡುವೆ ನಗುತ್ತಿದ್ದರು. ಒಂದು ಭಾನುವಾರ ಸೊಂಟಕ್ಕೆ ಚಾಪೆ ಕಟ್ಟದೆ ಚರ್ಚಿಗೆ ಹೊರಟುಬಿಟ್ಟರು. ಅದು ನಮ್ಮಲ್ಲಿ ಬಟ್ಟೆಯಿಲ್ಲದೆ ಹೊರಟಷ್ಟೇ ನಾಚಿಕೆಯ ಮಾತು ಎಂದು ನಿಮಗೆ ಗೊತ್ತಿದೆ. ನಾನು ಚಾಪೆ ಹಿಡಿದುಕೊಂಡು ಹಿಂದೆ ಓಡಿದೆ. "ಓ, ಅದಾ," ಎಂದು ನಕ್ಕರು. ಆ ನಗು ನನಗೆ ತಲೆನೋವಿಗಿಂತ ಹೆಚ್ಚು ಹೆದರಿಕೆ ತಂದಿತು.

ಅಮ್ಮ ಹೇಳಿದಳು, "ಇದು ಕಾಯಿಲೆ ಅಲ್ಲ ಕಣೇ. ಸತ್ತವರು ಯಾರದೋ ಹಿಡಿತ."

ಅಪ್ಪ ಪಿಸೀಲಾ ಅಜ್ಜಿಯನ್ನು ಕರೆತಂದರು. ಸೊಪ್ಪಿನ ಮದ್ದು ಕೊಡುವವರು ಅವರು, ನಿಮಗೆಲ್ಲ ಪರಿಚಯವೇ. ಅತ್ತೆಯ ಹಣೆ ನೀವಿ, ಎಲ್ಲಿ ನೋವು ಎಂದು ಕೇಳಿದರು. ಅತ್ತೆ ಎರಡು ಹುಬ್ಬುಗಳ ನಡುವೆ ಬೆರಳಿಟ್ಟರು.

"ನಿಮ್ಮಮ್ಮನ್ನ ಎಲ್ಲಿ ಮಣ್ಣು ಮಾಡಿದ್ದು?"

"ಗಾಳಿಮರದ ಬುಡದಲ್ಲಿ."

"ಅದೇ. ಬೇರು ಇಳಿದಿದೆ. ಅವಳ ತಲೆಗೆ ಚುಚ್ಚಿದ್ದು ನಿನ್ನ ತಲೆಯಲ್ಲಿ ನೋಯ್ತಿದೆ. ತೆಗೀಬೇಕು, ಎಲುಬು ತೊಳೀಬೇಕು."

ಈ ಮಾತನ್ನು ಕೂಟದಲ್ಲಿ ಓದಬಹುದೋ ಬಾರದೋ ನನಗೆ ಗೊತ್ತಿಲ್ಲ. ಓದಬಾರದಾದರೆ ಬಿಟ್ಟು ಮುಂದೆ ಹೋಗಿ. ಎಲುಬು ತೊಳೆದ ಬೆಳಿಗ್ಗೆ ಪಾದ್ರಿಗಳು ದೋಣಿ ತೆಗೆದುಕೊಂಡು ಮೀನಿಗೆ ಹೋಗಿದ್ದರು, ಹಾಗಾಗಿ ಅವರು ಏನನ್ನೂ ನೋಡಿಲ್ಲ.

ತೊಳೆಯುವುದಕ್ಕೆ ಎಣ್ಣೆ ಬೇಕು. ಅತ್ತೆಯೇ ಮಾಡಿದರು. ಬಹಳ ದಿನಗಳ ಮೇಲೆ ಒಲೆಯ ಮುಂದೆ ಕುಳಿತರು ಎಂದು ಎಲ್ಲರಿಗೂ ಸಂತೋಷವಾಯಿತು. ಬಿಸಿಲಿಗಿಟ್ಟರು, ದಿನಾ ಮುಚ್ಚಳ ತೆಗೆದು ಮೂಗಿಟ್ಟು, "ಇನ್ನೂ ಹಸಿ," ಎಂದರು. ಮತ್ತೂ "ಇನ್ನೂ ಹಸಿ," ಎಂದರು. ಹೂಗಳು ಕಂದಾಗಿ ತಳಕ್ಕಿಳಿದವು. ಬಾಟಲಿಗೆ ತುಂಬುವಾಗ ನನ್ನ ಕೈಮೇಲೆ ಸ್ವಲ್ಪ ಚೆಲ್ಲಿತು. ಕಮಟು ವಾಸನೆ. ಸತ್ತ ಮೀನನ್ನು ಹಳೆಯ ಎಣ್ಣೆಯಲ್ಲಿ ಅದ್ದಿದ ಹಾಗೆ. ನಾನು ಅತ್ತೆಯ ಮುಖ ನೋಡಿದೆ. ಅವರು ಬಾಟಲಿಯ ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ, "ಅಮ್ಮನಿಗೆ ಕೇದಿಗೆ ಅಂದ್ರೆ ಪ್ರಾಣ. ಅದಕ್ಕೇ ಜಾಸ್ತಿ ಹಾಕಿದೀನಿ," ಎಂದರು.

ಅಪ್ಪನ ಅಕ್ಕನ ಎಣ್ಣೆ ಕೆಟ್ಟಿದೆ ಎಂದು ಅಣ್ಣನ ಮಗಳೋ ತಮ್ಮನ ಮಗಳೋ ಹೇಳುವುದನ್ನು ನೀವು ಯಾರಾದರೂ ಕೇಳಿದ್ದೀರಾ? ನಾನೂ ಕೇಳಿಲ್ಲ.

ಬೆಳಕು ಹರಿಯುವಾಗ ಅಪ್ಪ ಅಗೆದರು. ಬಿಳಿ ಮರಳು, ಅದರ ಕೆಳಗೆ ಕೆಂಪು ಮಣ್ಣು, ಆಮೇಲೆ ಅಜ್ಜಿ. ಎಲುಬುಗಳು ಹವಳದ ಹಾಗೆ ಒಣಗಿ ಶುಭ್ರವಾಗಿದ್ದವು. ನನಗೆ ಭಯವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಬೇರು ನಿಜವಾಗಿಯೂ ಇತ್ತು. ದಾರದಷ್ಟು ತೆಳ್ಳಗಿನದು, ಕಣ್ಣಿನ ಗುಳಿಯಿಂದ ಒಳಗೆ ಹೋಗಿತ್ತು. ಅದನ್ನು ಬಿಡಿಸಿ ತೆಗೆದಾಗ ಅಪ್ಪ ತಿರುಗಿ ನಿಂತು ಕಣ್ಣು ಒರೆಸಿಕೊಂಡರು. ಆಮೇಲೆ ಮರ್ಯಾದೆಗೆ ದೂರ ಹೋಗಿ ಕುಳಿತರು. ಹೆಂಗಸರು ನಾವು ತೊಳೆಯಲು ಕುಳಿತೆವು.

ಅತ್ತೆ ಬಾಟಲಿ ತೆರೆದರು. ವಾಸನೆ ಎದ್ದಿತು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಅಮ್ಮ ನೆಲ ನೋಡಿದಳು. ಪಿಸೀಲಾ ಅಜ್ಜಿ ನಿಧಾನವಾಗಿ ತಲೆಯಾಡಿಸಿ, "ನೋಡಿದ್ರಾ, ಸತ್ತವಳ ಸಿಟ್ಟು. ಇಷ್ಟು ವರ್ಷ ಆದ್ರೂ ಹೇಗೆ ನಾರ್ತಿದೆ," ಎಂದು ಪಿಸುಗುಟ್ಟಿದರು. ಉಳಿದವರೂ ಹೌದೆಂದರು. ಅಜ್ಜಿಯ ಸಿಟ್ಟು ಹೊರಗೆ ಬರುತ್ತಿದೆ, ಇನ್ನು ಲೋಸಲೀನೆಗೆ ಗುಣವಾಗುತ್ತದೆ ಎಂದು ಎಲ್ಲರೂ ನಂಬಿದರು. ಅತ್ತೆ ಮಾತ್ರ ತಮ್ಮ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿಗೆ ಹಚ್ಚುವ ಹಾಗೆ ಎಣ್ಣೆ ಹಚ್ಚುತ್ತಿದ್ದರು. ಆ ವಾಸನೆ ಎಲುಬಿನದಲ್ಲ ಎಂದು ನನಗೆ ಗೊತ್ತಿತ್ತು, ಅದು ಹಿಂದಿನ ದಿನದಿಂದ ನನ್ನ ಕೈಯಲ್ಲೇ ಇತ್ತು.

ನಾಲ್ಕಾರು ದಿನ ಅತ್ತೆಗೆ ತಲೆನೋವು ಕಡಿಮೆಯಾಯಿತು. ಆಮೇಲೆ ಮೊದಲಿಗಿಂತ ಜೋರಾಗಿ ಬಂತು. ಪಿಸೀಲಾ ಅಜ್ಜಿ ಇನ್ನೊಂದು ಬೇರು ಇರಬಹುದು ಎಂದರು. ಅಪ್ಪ ಮತ್ತೆ ಗುದ್ದಲಿ ತೊಳೆದಿಟ್ಟುಕೊಂಡರು.

ಆಗ ನಾನು ದವಾಖಾನೆಗೆ ಹೋದೆ. ನರ್ಸ್ ಅಕೋಸಿತಾ ದೂರದ ಉತ್ತರದ ದ್ವೀಪದವರು, ನಮ್ಮ ಮನೆತನಕ್ಕೆ ಏನೂ ಆಗಬೇಕಾದವರಲ್ಲ. ಅದಕ್ಕೇ ಅವರ ಹತ್ತಿರ ಹೋದೆ. ಎಲ್ಲರೂ ಹೋಗುವವರೆಗೆ ಬೆಂಚಿನ ತುದಿಯಲ್ಲಿ ಕುಳಿತಿದ್ದೆ.

"ಏನಮ್ಮಾ, ಬೆಳಿಗ್ಗೆಯಿಂದ ಬೆಂಚು ಕಾಯ್ತಾ ಇದೀಯ. ಹೊಟ್ಟೆನೋವಾ? ಹುಡುಗನ ವಿಷಯವಾ?"

"ಅತ್ತೆಯ ಮೂಗು," ಎಂದೆ. ಅಷ್ಟೇ ಬಂತು.

"ಅತ್ತೆ ಮೂಗಿಗೆ ಏನಾಯ್ತು? ಬಿದ್ದುಹೋಯ್ತಾ?"

ನನಗೆ ನಗು ಬಂತು, ಅದರ ಹಿಂದೆ ಉಳಿದ ಮಾತೂ ಬಂತು. ವಾಸನೆ ತಿಳಿಯುವುದಿಲ್ಲ, ಬೆಳಿಗ್ಗೆ ತಲೆನೋವು, ಎಡಗಣ್ಣು ಮಂಜು, ಚಾಪೆ ಕಟ್ಟದೆ ಚರ್ಚಿಗೆ ಹೊರಟದ್ದು, ಎಲ್ಲ ಹೇಳಿದೆ. ನರ್ಸ್ ಬೆರಳಲ್ಲಿ ಆಡಿಸುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

"ಶೀತ ಆದ್ರೂ ವಾಸನೆ ಹೋಗುತ್ತೆ, ವಯಸ್ಸಾದ್ರೂ ಹೋಗುತ್ತೆ. ತಲೆನೋವು ಯಾರಿಗಿಲ್ಲ? ಒಂದೊಂದೇ ಆಗಿದ್ರೆ ನಾನು ಮಾತ್ರೆ ಕೊಟ್ಟು ಕಳಿಸ್ತಿದ್ದೆ. ಇವೆಲ್ಲಾ ಒಟ್ಟಿಗೆ ಸೇರಿರೋದು ನನಗೆ ಹಿಡಿಸ್ತಿಲ್ಲ. ಸಂಜೆ ಬರ್ತೀನಿ. ಎಣ್ಣೆ ಕೊಳ್ಳೋಕೆ ಬಂದೆ ಅಂತ ಇರಲಿ."

ಸಂಜೆ ಬಂದು ಅತ್ತೆಯ ಎದುರು ಕುಳಿತು, "ಲೋಸಲೀನಕ್ಕ, ನಿಮ್ಮ ಮೂಗು ಊರಿಗೆಲ್ಲಾ ದೊಡ್ಡದಂತೆ. ಕಣ್ಣು ಮುಚ್ಚಿಕೊಳ್ಳಿ, ಪರೀಕ್ಷೆ ಮಾಡ್ತೀನಿ," ಎಂದರು. ಅತ್ತೆ ನಗುತ್ತಾ ಕಣ್ಣು ಮುಚ್ಚಿದರು. ನರ್ಸ್ ಕಾಫಿಪುಡಿಯ ಡಬ್ಬಿಯನ್ನು ಮೂಗಿನ ಕೆಳಗೆ ಹಿಡಿದರು. ಆಮೇಲೆ ಸೋಪು. ಆಮೇಲೆ ಅಂಗಳದಿಂದ ನಾನು ತಂದುಕೊಟ್ಟ ಸಿಯಾಲೆ ಹೂವನ್ನು.

"ಹೂಂ, ಹಿಡಿ ಮತ್ತೆ," ಎಂದರು ಅತ್ತೆ. "ಯಾವಾಗ ಹಿಡೀತೀಯ?"

ಹೂವಿನ ಎಸಳು ಅವರ ಮೇಲ್ತುಟಿಗೆ ತಾಗುತ್ತಿತ್ತು.

ನರ್ಸ್ ಸಣ್ಣ ದೀಪ ಹಿಡಿದು ಕಣ್ಣಿನೊಳಗೆ ನೋಡಿದರು. ಹೊರಗೆ ಜಗಲಿಗೆ ಬಂದು ಅಪ್ಪನಿಗೆ, "ಗುದ್ದಲಿ ಒಳಗಿಡಿ, ಸೆಮಿಸಿ. ದೋಣಿ ತೆಗೀರಿ," ಎಂದರು.

ಪಟ್ಟಣದ ಆಸ್ಪತ್ರೆಯವರು ಅತ್ತೆಯನ್ನೂ ಜೊತೆಗೆ ನನ್ನನ್ನೂ ವಿಮಾನದಲ್ಲಿ, ರಾಜಧಾನಿಯಿರುವ ತೊಂಗತಾಪು ದ್ವೀಪದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ತಲೆಯ ಒಳಗಿನ ಚಿತ್ರ ತೆಗೆದರು. ಹಣೆಯ ಹಿಂದೆ, ಮೂಗಿನ ಮೇಲ್ಭಾಗದಲ್ಲಿ, ಸಣ್ಣ ಕಿತ್ತಳೆಯಷ್ಟು ದೊಡ್ಡ ಬಿಳಿ ಉಂಡೆ. ಅತ್ತೆ ಬೆರಳಿಟ್ಟು ತೋರಿಸಿದ್ದು ಅದೇ ಜಾಗ.

ಡಾಕ್ಟರಮ್ಮ ನಮ್ಮ ದೇಶದವರೇ, ತಾಳ್ಮೆಯವರು. ಅತ್ತೆ ಎಣ್ಣೆ ಮಾಡುವವರೆಂದು ತಿಳಿದು, ತಲೆಯನ್ನು ತೆಂಗಿನಕಾಯಿ ಅಂದುಕೊಳ್ಳಿ ಎಂದರು. ಕರಟ ಎಂದರೆ ತಲೆಬುರುಡೆ. ಬಿಳಿ ತಿರುಳು ಮೆದುಳು. ತಿರುಳಿನ ಬೆನ್ನಿಗೆ ಅಂಟಿಕೊಂಡ ಕಂದು ಸಿಪ್ಪೆ ಇರುತ್ತದಲ್ಲ, ಮೆದುಳಿಗೂ ಅಂಥ ಪೊರೆ ಇದೆ.

"ಗಡ್ಡೆ ಅಂದ್ರೆ ಎಲ್ಲಾ ಒಂದೇ ಅಲ್ಲ," ಎಂದರು. "ಕೆಲವು ತಿರುಳಿನಲ್ಲೇ ಹುಟ್ಟುತ್ತವೆ. ಎಲ್ಲಿ ಗಡ್ಡೆ ಮುಗೀತು, ಎಲ್ಲಿ ಮೆದುಳು ಶುರು ಅಂತ ಗೊತ್ತಾಗಲ್ಲ. ಅವನ್ನ ಪೂರ್ತಿ ತೆಗೆಯೋದು ಕಷ್ಟ. ಕೆಲವು ನಿಧಾನ, ಕೆಲವು ಬಹಳ ಬೇಗ ಬೆಳೀತವೆ. ಇನ್ನು ಕೆಲವು ಎದೆಯಿಂದಲೋ ಶ್ವಾಸಕೋಶದಿಂದಲೋ ರಕ್ತದಲ್ಲಿ ಬಂದು ಇಲ್ಲಿ ಮನೆ ಮಾಡಿರ್ತವೆ. ಅದಕ್ಕೇ ನಿಮ್ಮ ಎದೆಯನ್ನೂ ಪರೀಕ್ಷೆ ಮಾಡಿದ್ದು, ಅಲ್ಲಿ ಏನೂ ಇಲ್ಲ. ನಿಮ್ಮದು ಕಂದು ಪೊರೆಯಿಂದ ಬೆಳೆದ ಹಾಗೆ ಕಾಣುತ್ತೆ. ಮೆನಿಂಜಿಯೋಮಾ ಅಂತಾರೆ. ಹೊರಗಿನಿಂದ ಒತ್ತುತ್ತಾ ಇದೆ, ಒಳಗೆ ನುಗ್ಗಿಲ್ಲ. ಬಹಳ ವರ್ಷದಿಂದ ಇರಬೇಕು. ಮೂಗಿನ ನರ ಅದರ ಅಡಿಗೇ ಸಿಕ್ಕಿದೆ. ಅದಕ್ಕೆ ಮೊದಲು ಹೋಗಿದ್ದು ವಾಸನೆ."

"ಬೇರು," ಎಂದರು ಅತ್ತೆ.

"ಬೇರಲ್ಲ ಲೋಸಲೀನಕ್ಕ. ಆದ್ರೆ ಬೇರಿನ ಹಾಗೇ ಒಂದು ಕಡೆ ಕಚ್ಚಿಕೊಂಡಿದೆ."

ಯಾವ ಜಾತಿಯ ಗಡ್ಡೆ ಎಂಬುದರ ಮೇಲೆಯೇ ಎಲ್ಲ ನಿಂತಿತ್ತು. ಅಂಥ ಆಪರೇಷನ್ ನಮ್ಮ ದೇಶದಲ್ಲಿ ಆಗುವುದಿಲ್ಲ, ನ್ಯೂಜಿಲೆಂಡಿಗೆ ಹೋಗಬೇಕು. ಕಳಿಸುವುದೋ ಬೇಡವೋ ಎಂದು ವೈದ್ಯರ ಸಮಿತಿ ಕೂತು ನಿರ್ಧರಿಸುತ್ತದೆ. ಹೋಗಿ ಗುಣವಾಗಿ ಬರುವಂಥವರಿದ್ದರೆ ಕಳಿಸುತ್ತಾರೆ. ಹೋದರೂ ಪ್ರಯೋಜನವಿಲ್ಲ ಎನ್ನುವಂಥದ್ದಾದರೆ ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎನ್ನುತ್ತಾರೆ. ಪೊರೆಯದಾದರೆ ಹೋಗಬಹುದು, ತಿರುಳಿನದಾದರೆ ಇಲ್ಲ. ಚಿತ್ರ ನೋಡಿ ಹೇಳಬಹುದು, ಆದರೆ ಹೊರಗೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ಖಂಡಿತ ಎನ್ನಲಾಗದು ಎಂದು ಡಾಕ್ಟರಮ್ಮ ಒಪ್ಪಿಕೊಂಡರು.

ಕಾಯುವಾಗ ಅತ್ತೆಗೆ ಮೆದುಳಿನ ಊತ ಇಳಿಸುವ ಮಾತ್ರೆ ಕೊಟ್ಟರು. ಅದು ಗಡ್ಡೆಯನ್ನು ತೆಗೆಯುವುದಿಲ್ಲ, ಸುತ್ತಲಿನ ನೀರನ್ನು ಇಳಿಸುತ್ತದೆ ಅಷ್ಟೇ. ಎರಡು ಮೂರು ದಿನಕ್ಕೆ ತಲೆನೋವು ಹೋಯಿತು. ಅತ್ತೆ ಗಬಗಬನೆ ತಿನ್ನತೊಡಗಿದರು. ಬಟ್ಟೆ ಸರಿಯಿಲ್ಲ, ತಲೆ ಬಾಚಿಲ್ಲ ಎಂದು ನನ್ನನ್ನು ಬೈದರು. ಎಷ್ಟೋ ತಿಂಗಳ ಮೇಲೆ ಬೈಸಿಕೊಂಡು ನನಗೆ ಹಾಯೆನಿಸಿತು.

ಆದರೆ ಬುದ್ಧಿ ತಿಳಿಯಾದದ್ದು ಅದೊಂದಕ್ಕೇ ಅಲ್ಲ. ಒಂದು ಬೆಳಿಗ್ಗೆ ಗಂಜಿ ತಿನ್ನುತ್ತಿದ್ದವರು ಚಮಚ ನಿಲ್ಲಿಸಿದರು.

"ಫುಸಿ. ಅಮ್ಮನಿಗೆ ಹಚ್ಚಿದ ಎಣ್ಣೆ ಹೇಗಿತ್ತು?"

ನಾನು ಹಾಸಿಗೆಯ ಮೇಲೆ ಚೆಲ್ಲಿದ್ದ ಗಂಜಿಯನ್ನು ಒರೆಸಿದೆ.

"ನಾರ್ತಿತ್ತಾ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನುವುದಕ್ಕೂ ಆಗಲಿಲ್ಲ. ಅತ್ತೆ ಬಟ್ಟಲನ್ನು ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು. ಅಂದು ಅವರು ಮತ್ತೇನೂ ತಿನ್ನಲಿಲ್ಲ.

ಸಮಿತಿ ಒಪ್ಪಿತು ಎಂದು ಹೇಳಲು ಡಾಕ್ಟರಮ್ಮ ಬಂದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ತೆಗೆದ ಮೇಲೆ ವಾಸನೆ ಬರುತ್ತಾ?"

"ಇಲ್ಲ ಲೋಸಲೀನಕ್ಕ. ಸುಳ್ಳು ಹೇಳಲ್ಲ. ಆ ನರ ಇನ್ನು ಚೇತರಿಸಿಕೊಳ್ಳಲ್ಲ."

"ಹಾಗಾದ್ರೆ ಯಾಕೆ ತೆಗೀಬೇಕು? ಮೂಗಿಲ್ಲದ ಎಣ್ಣೆಯವಳು ಇದ್ದೇನು, ಹೋದರೇನು."

"ಬಿಟ್ಟರೆ ಮೊದಲು ಕಣ್ಣು ಹೋಗುತ್ತೆ. ಆಮೇಲೆ ನೀವು ಯಾರು ಅನ್ನೋದೇ ನಿಮಗೆ ತಿಳಿಯಲ್ಲ. ಮತ್ತೆ ಚಾಪೆ ಕಟ್ಟದೆ ಚರ್ಚಿಗೆ ಹೋಗ್ತೀರ."

ಅತ್ತೆ ಹೊದಿಕೆಯ ಅಂಚನ್ನು ಮಡಿಸಿದರು. "ಅಮ್ಮನ್ನ ಆ ಕೆಟ್ಟ ಎಣ್ಣೆಯಲ್ಲೇ ಬಿಟ್ಟು ಬಂದಿದೀನಿ," ಎಂದರು, ನಮಗಲ್ಲ, ತಮಗೇ. ಆಮೇಲೆ, "ಸರಿ, ಹೋಗ್ತೀನಿ. ಜೊತೆಗೆ ಫುಸಿ ಬರ್ತಾಳೆ."

ಜೊತೆಗೆ ಹೋಗಬೇಕಾದವಳು ಇಂಗ್ಲಿಷ್ ಬರುವ ನನ್ನ ದೊಡ್ಡಪ್ಪನ ಮಗಳು ಎಂದು ಆಗಲೇ ನಿಶ್ಚಯವಾಗಿತ್ತು. ಅಪ್ಪ ಫೋನಿನಲ್ಲಿ, "ನಿಮ್ಮತ್ತೆಗೆ ಹೇಳು, ಅಂಗಡಿಯವನ ಮುಂದೆಯೇ ನಿನಗೆ ಬಾಯಿ ಬರಲ್ಲ, ಅಲ್ಲಿ ಹೋಗಿ ಏನು ಮಾಡ್ತೀಯ ಅಂತ," ಎಂದರು. ಅತ್ತೆ, "ನಿಮ್ಮಪ್ಪನಿಗೆ ಹೇಳು, ಬಾಯಿ ಇರೋರು ತುಂಬಾ ಜನ ನನ್ನ ಸುತ್ತ ಇದ್ದರು, ನರ್ಸ್ ಹತ್ತಿರ ಹೋದವಳು ನೀನೇ ಅಂತ," ಎಂದರು. ಅಲ್ಲಿಗೆ ಮುಗಿಯಿತು.

ಆಕ್ಲೆಂಡಿನ ಆಸ್ಪತ್ರೆಯಲ್ಲಿ ತಲೆಯೊಳಗೆ ಗಡ್ಡೆಯಿದ್ದವರು ಬೇರೆಯವರೂ ಇದ್ದರು. ಅಷ್ಟು ಜನರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಪಕ್ಕದ ಹಾಸಿಗೆಯ ಕುಕ್ ದ್ವೀಪದ ಹುಡುಗಿಗೆ ಮೆದುಳಿನ ಬುಡದ ಬಟಾಣಿಯಷ್ಟು ಗ್ರಂಥಿಯಲ್ಲಿ ಗಡ್ಡೆ. ಮುಟ್ಟು ನಿಂತು, ಬಸಿರಿಲ್ಲದೆ ಎದೆಹಾಲು ಬಂದಿತ್ತಂತೆ. ಊರಿನವರು ಏನೇನೋ ಆಡಿಕೊಂಡರಂತೆ. ಅಂಥದ್ದು ಸಾಮಾನ್ಯವಾಗಿ ಬರೀ ಮಾತ್ರೆಗೇ ಕರಗುತ್ತದಂತೆ. ಅವಳದು ಕರಗದೆ ಕಣ್ಣಿನ ನರಕ್ಕೆ ಒತ್ತಿದ್ದರಿಂದ ಮೂಗಿನ ದಾರಿಯಿಂದಲೇ ತೆಗೆದರು, ತಲೆ ತೆರೆಯಲೇ ಇಲ್ಲ. ಆಚೆ ವಾರ್ಡಿನಲ್ಲಿ ಲೌಮೆಯಾ ಎಂಬ ಸಮೋವಾದ ಬಸ್ ಡ್ರೈವರ್ ಇದ್ದರು. ಅವರದು ತಿರುಳಿನ ಗಡ್ಡೆ, ಗ್ಲಿಯೋಮಾ. ಬಸ್ಸು ನಿಲ್ಲಿಸಿದ್ದಾಗಲೇ ಮೂರ್ಛೆ ಬಂದು ತಿಳಿದದ್ದು. ಆಗುವಷ್ಟು ತೆಗೆದಿದ್ದರು, ಉಳಿದದ್ದಕ್ಕೆ ವಿಕಿರಣ, ಜೊತೆಗೆ ಔಷಧಿ. ವಿಕಿರಣ ಕೊಡುವಾಗ ಅಲುಗದಿರಲಿ ಎಂದು ಅವರ ಮುಖದ ಅಚ್ಚಿಗೆ ಜಾಲರಿಯ ಮುಖವಾಡ ಮಾಡಿದ್ದರು.

"ನೋಡಿ ಅಕ್ಕ, ನನ್ನ ಹೆಂಡತಿ ಇದನ್ನ ಗೋಡೆಗೆ ಹಾಕ್ತಾಳಂತೆ," ಎಂದು ಅವರು ಅತ್ತೆಗೆ ತೋರಿಸಿದರು. "ಮಾತಾಡದ ಗಂಡ ಸಿಕ್ಕ ಅಂತ ಖುಷಿ ಅವಳಿಗೆ."

"ನಿಮ್ಮದು ಪೂರ್ತಿ ಹೋಗುತ್ತಾ?" ಎಂದು ಅತ್ತೆ ಕೇಳಿಯೇಬಿಟ್ಟರು.

"ಇಲ್ಲ. ಆದ್ರೆ ಮಗಳ ಮದುವೆಗೆ ಇರ್ತೀನಿ ಅಂದಿದ್ದಾರೆ," ಎಂದರು ಅವರು. ಆಮೇಲೆ ಇಬ್ಬರೂ ಮರಗೆಣಸಿನ ಬೆಲೆಯ ಬಗ್ಗೆ ಮಾತಾಡಿದರು.

ಆಪರೇಷನ್ ದಿನ ನಾನು ಹೊರಗೆ ಕುಳಿತಿದ್ದೆ. ಹಣೆಯ ಮೇಲೆ, ಕೂದಲಿನ ಒಳಗಡೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೊಯ್ದು, ಮೂಳೆಯ ಒಂದು ತುಂಡನ್ನು ತೆಗೆದಿಟ್ಟು, ಗಡ್ಡೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿ ತೆಗೆಯುತ್ತಾರೆ, ಮೂಳೆಯನ್ನು ಮತ್ತೆ ಜಾಗದಲ್ಲಿಟ್ಟು ಪುಟ್ಟ ತಿರುಪು ಹಾಕುತ್ತಾರೆ ಎಂದು ಹೇಳಿದ್ದರು. ಅಜ್ಜಿಯ ಕಣ್ಣಿನಿಂದ ಅಪ್ಪ ಬೇರನ್ನು ಎಷ್ಟು ನಿಧಾನವಾಗಿ ಬಿಡಿಸಿದರು ಎಂಬುದನ್ನೇ ನಾನು ನೆನೆಯುತ್ತಿದ್ದೆ. ಹೀಗೆಯೇ ಮಾಡುತ್ತಿರಬಹುದು ಎಂದುಕೊಂಡೆ. ಕತ್ತಲಾಗುವ ಮುಂಚೆ ಡಾಕ್ಟರು ಹೊರಗೆ ಬಂದು ಮುಗಿಯಿತು ಎಂದರು. ನಾನು ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕಲಿತುಕೊಂಡು ಹೋಗಿದ್ದೆ. ಪೂರ್ತಿ ಬಂತೇ? ಯಾವ ಜಾತಿ? ಎರಡನ್ನೂ ಕೇಳಿದೆ. ಪೂರ್ತಿ ಬಂತು ಎಂದರು. ಜಾತಿ ಮುಂದಿನ ವಾರ ತಿಳಿಯಿತು. ಪೊರೆಯದೇ, ಕೆಟ್ಟದ್ದಲ್ಲ. ಮತ್ತೆ ಬೆಳೆಯಬಹುದಾದ್ದರಿಂದ ವರ್ಷಕ್ಕೊಮ್ಮೆ ಚಿತ್ರ ತೆಗೆಸಬೇಕು, ಮೂರ್ಛೆ ಬಾರದಿರಲು ಸ್ವಲ್ಪ ಕಾಲ ಮಾತ್ರೆ ನುಂಗಬೇಕು.

ಎಚ್ಚರವಾದ ಮೇಲೆ ಒಂದು ದಿನವಿಡೀ ಅತ್ತೆ ಮಾತಾಡಲಿಲ್ಲ. ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಮರುದಿನ ಅಪ್ಪನ ಫೋನ್ ಬಂದಾಗ ನಾನು ಅತ್ತೆಯ ಕಿವಿಯ ಹತ್ತಿರ ಹಿಡಿದೆ. ಅಪ್ಪ ಉಸಿರಾಡುವುದಷ್ಟೇ ಕೇಳಿಸುತ್ತಿತ್ತು. ಅಕ್ಕನೊಂದಿಗೆ ನೇರವಾಗಿ ಏನು ಮಾತಾಡುತ್ತಾರೆ ಪಾಪ.

"ನಿಮ್ಮಪ್ಪನಿಗೆ ಹೇಳು," ಎಂದಿತು ಅತ್ತೆಯ ಒಣಗಿದ ಗಂಟಲು, "ಇನ್ನೂ ಇದೀನಿ ಅಂತ."

ಆ ಕಡೆ ಅಪ್ಪ ಮೂಗೊರೆಸಿಕೊಂಡದ್ದು ಕೇಳಿಸಿತು. ಆಮೇಲೆ, "ನಿಮ್ಮತ್ತೆಗೆ ಹೇಳು, ಬೇಲಿ ಕಟ್ಟಿದೀನಿ ಅಂತ."

ಊರಿಗೆ ಬಂದು ಈಗ ಮೂರು ತಿಂಗಳಾಗಿರಬಹುದು. ಎಡಗಣ್ಣು ಪೂರ್ತಿ ತಿಳಿಯಾಗಿಲ್ಲ, ಆದರೆ ಅತ್ತೆ ತಾವೇ ಸೂಜಿಗೆ ದಾರ ಪೋಣಿಸುತ್ತಾರೆ. ಬೇಗ ಸುಸ್ತಾಗುತ್ತಾರೆ. ಪಿಸೀಲಾ ಅಜ್ಜಿ ನೋಡಲು ಬಂದು, "ನಾನು ಹೇಳಿರಲಿಲ್ವಾ, ಬೇರು ಅಂತ? ಅವರು ನಿನ್ನ ಕಡೆಯದನ್ನ ತೆಗೆದ್ರು, ನಾವು ನಿಮ್ಮಮ್ಮನ ಕಡೆಯದನ್ನ," ಎಂದರು. ಅತ್ತೆ ಅದನ್ನು ಅಲ್ಲ ಎನ್ನಲಿಲ್ಲ. ತಲೆನೋವೆಂದು ಬಂದವರನ್ನು ಈಗ ಪಿಸೀಲಾ ಅಜ್ಜಿ ಕಣ್ಣು ಮುಚ್ಚಿಸಿ ಹೂ ಮೂಸಿಸುತ್ತಾರೆ, ತಿಳಿಯದಿದ್ದರೆ ನರ್ಸ್ ಹತ್ತಿರ ಕಳಿಸುತ್ತಾರೆ.

ಎಣ್ಣೆಯ ಕೆಲಸ ಮತ್ತೆ ಶುರುವಾಗಿದೆ. ಅತ್ತೆ ನನ್ನನ್ನು ಎದುರು ಕೂರಿಸಿಕೊಂಡು ಹೇಳಿದರು, "ಇನ್ನು ಮೂಗು ನೀನು. ಹಸಿ ಅಂದ್ರೆ ಹಸಿ ಅನ್ನು, ಕೆಟ್ಟಿದ್ರೆ ಕೆಟ್ಟಿದೆ ಅನ್ನು. ನನ್ನ ಮುಖ ನೋಡಿ ಹೇಳಬೇಕು. ಇದು ನಿನ್ನ ಅಪ್ಪನ ಅಕ್ಕ ಹೇಳ್ತಾ ಇರೋದು, ಇಲ್ಲ ಅನ್ನೋ ಹಾಗಿಲ್ಲ."

ಮೊದಲ ಸಲ ಮಾಡಿದಾಗ ಮಳೆ ಬಂದು ಬಿಸಿಲು ಸಾಲದಾಯಿತು. ನಾನು ಮುಚ್ಚಳ ತೆಗೆದು ಮೂಸಿ ನೋಡಿದೆ. ಅಮ್ಮ ಒಲೆಯ ಹತ್ತಿರ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಕೆಟ್ಟಿದೆ ಅತ್ತೆ," ಎಂದೆ.

ಅಮ್ಮ ಕೈಲಿದ್ದ ಸೌಟನ್ನು ಬೀಳಿಸಿದಳು. ಅತ್ತೆ ನನ್ನ ಕಡೆ ತಿರುಗಿ, "ಎಷ್ಟು ಕೆಟ್ಟಿದೆ?" ಎಂದು ಕೇಳಿದರು.

"ಹಂದಿಗೂ ಆಗಲ್ಲ."

"ಹೂಂ," ಎಂದರು. "ಚೆಲ್ಲು ಹಾಗಾದ್ರೆ." ಆಮೇಲೆ ನನ್ನ ಕೆನ್ನೆಗೆ ಮೂಗು ಒತ್ತಿ ಉಸಿರೆಳೆದು, "ಏನು ತಿಂದಿದೀಯ, ನೀನೇ ಹೇಳು," ಎಂದರು. ಬಾಳೆಕಾಯಿ ಎಂದು ಹೇಳಿದೆ.

ಎರಡನೆಯ ಸಲದ ಎಣ್ಣೆ ಈಗ ಅಂಗಳದಲ್ಲಿ ಬಿಸಿಲಿಗಿದೆ. ಇದು ಅಜ್ಜಿಗೆಂದು ಮಾಡಿದ್ದು, ಅದಕ್ಕೇ ಕೇದಿಗೆಯನ್ನು ಹೆಚ್ಚಾಗಿಯೇ ಹಾಕಿದ್ದೇವೆ. ಇಂದು ಬೆಳಿಗ್ಗೆ ಸ್ವಲ್ಪ ಹಸಿ ಇತ್ತು. ಅಜ್ಜಿಯ ಮಣ್ಣನ್ನು ಮತ್ತೆ ತೆಗೆಯುವುದು ಬೇಡ ಎಂದು ಅತ್ತೆ ಹೇಳಿದ್ದಾರೆ, ಮೇಲಿನ ಬಿಳಿ ಮರಳಿಗೆ ಸುರಿದರೆ ಇಳಿಯುತ್ತದಂತೆ. ನಾಳೆ ಬೆಳಿಗ್ಗೆ ಎದ್ದು ನಾನು ಎಣ್ಣೆಯನ್ನು ಮೂಸಿ ನೋಡುತ್ತೇನೆ. ಹೂ ಸೋತಿದ್ದರೆ ಸೋಸಿ, ಅತ್ತೆಯ ಕೈಹಿಡಿದು ಗಾಳಿಮರದ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಸೋಲದಿದ್ದರೆ ಇನ್ನೊಂದು ದಿನ ಬಿಸಿಲಿಗಿಡುತ್ತೇನೆ.